ಕೊಕುಲ್ಲೊದ ಹಾವುಗಳು ಮತ್ತು ನಮ್ಮ ಪ್ರವಾಸಿಗರು

ಶಿವಮೊಗ್ಗದ ಓದುಗರೊಬ್ಬರು ರೋಮ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದರಂತೆ. ಮೇ 1ರಂದು ಮಗಳು ಅವರನ್ನು ಅಬ್ರುಝೊ ಪ್ರಾಂತದ ಬೆಟ್ಟಗಳ ನಡುವಿನ ಕೊಕುಲ್ಲೊ ಹಳ್ಳಿಗೆ ಕಾರಿನಲ್ಲಿ ಕರೆದುಕೊಂಡು ಹೋದಳು. ಅಲ್ಲಿ ಸಂತ ದೊಮೆನಿಕೊ ವಿಗ್ರಹದ ಮೈತುಂಬ ಜೀವಂತ ಹಾವು ಹಾಕಿ ಮೆರವಣಿಗೆ ಮಾಡುವುದನ್ನು ಎರಡು ಗಂಟೆ ನೋಡಿದ್ದಾರೆ. ಈಗ ಅವರ ಪ್ರಶ್ನೆ: 'ನಮ್ಮಲ್ಲಿ ನಾಗರಕಲ್ಲಿಗೆ ಹಾಲೆರೆದರೆ ಮೂಢನಂಬಿಕೆ ಅಂತೀರಿ, ಅಲ್ಲಿ ಹಾವಿಗೆ ಹಿಂಸೆ ಕೊಟ್ಟರೆ ಪರಂಪರೆ ಅಂತೀರಿ. ಇದು ಯಾವ ನ್ಯಾಯ?'

ನೋಡಿ ಸ್ವಾಮಿ, ಅಷ್ಟು ಜನ, ಅಷ್ಟು ಗದ್ದಲ, ಮುಖಕ್ಕೇ ಹಿಡಿಯುವ ಮೊಬೈಲುಗಳು, ಇದೆಲ್ಲ ಹಾವಿಗೆ ಖಂಡಿತ ಸುಖವಲ್ಲ. ನೀವು ಹೇಳಿದ್ದರಲ್ಲಿ ಇಷ್ಟು ನಿಜ. ಆದರೆ ನೀವು ನೋಡಿದ್ದು ಆಟದ ಕೊನೆಯ ಅಂಕ ಮಾತ್ರ, ಅಲ್ವಾ?

ಆಟ ಶುರುವಾಗುವುದು ಮಾರ್ಚ್ ಕೊನೆಗೆ. ಹಿಮ ಕರಗಿ ಹಾವುಗಳು ಬಿಲದಿಂದ ಹೊರಬರುವ ಹೊತ್ತಿಗೆ 'ಸೆರ್ಪಾರಿ' ಅನ್ನುವ ಹಾವು ಹಿಡಿಯುವವರು ಬೆಟ್ಟ ಹತ್ತುತ್ತಾರೆ. ಯಾವ ಇಳಿಜಾರಿಗೆ ಬಿಸಿಲು ಮೊದಲು ಬೀಳುತ್ತದೆ, ಯಾವ ಕಲ್ಲುಗೋಡೆಯ ಸಂದಿಯಲ್ಲಿ ಯಾವುದು ಮಲಗಿರುತ್ತದೆ, ಇದನ್ನು ಅವರು ದೊಡ್ಡವರ ಹಿಂದೆ ಸುತ್ತಿ ಸುತ್ತಿ ಕಲಿತಿರುತ್ತಾರೆ. ಹಿಡಿಯುವುದು ವಿಷವಿಲ್ಲದ ಜಾತಿಗಳನ್ನು ಮಾತ್ರ. ಅದರಲ್ಲಿ 'ಚೆರ್ವೊನೆ' ಎಂಬ ಮೈಮೇಲೆ ನಾಲ್ಕು ಗೆರೆಯ ದೊಡ್ಡ ಹಾವಿಗೆ ಯುರೋಪಿನ ಕಾನೂನಿನ ರಕ್ಷಣೆ ಇದೆ, ಹಾಗಾಗಿ ಹಿಡಿಯಲು ಸರ್ಕಾರದ ವಿಶೇಷ ಅನುಮತಿ ಬೇಕು. ಉರಗ ತಜ್ಞರು ಹಾವುಗಳನ್ನು ಅಳೆದು, ತೂಗಿ, ರೋಗ ಇದೆಯಾ ನೋಡಿ, ಮೈಕ್ರೋಚಿಪ್ ಹಾಕುತ್ತಾರೆ. ಹಬ್ಬ ಮುಗಿದ ಮೇಲೆ ಹಿಡಿದ ಜಾಗಕ್ಕೇ ಒಯ್ದು ಬಿಡುತ್ತಾರೆ. ಹಾವು ಕಂಡರೆ ದೊಣ್ಣೆ ಹುಡುಕುವ ಊರುಗಳೇ ಜಾಸ್ತಿ ಇರುವ ಲೋಕದಲ್ಲಿ ಇದನ್ನು ಹಿಂಸೆ ಅಂತ ಒಂದೇ ಮಾತಲ್ಲಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಇದು ನಿನ್ನೆ ಮೊನ್ನೆಯ ನಂಟೂ ಅಲ್ಲ. ಆ ಸೀಮೆಯಲ್ಲಿ ಹಿಂದೆ ಇದ್ದ ಮಾರ್ಸಿ ಜನರು ಹಾವಿನ ಮಂತ್ರಕ್ಕೆ ಹೆಸರಾಗಿದ್ದರು, ರೋಮನ್ ಕವಿ ವರ್ಜಿಲ್ ಕೂಡ ಅದನ್ನು ಹೇಳಿದ್ದಾನೆ. ಅವರ ದೇವತೆ ಆಂಜಿತಿಯಾ. ಇವತ್ತಿನ ಹಬ್ಬಕ್ಕೂ ಅವಳಿಗೂ ಕೊಂಡಿ ಇದೆ ಅನ್ನುವುದು ಹಲವರ ವಾದ. ಇರಬಹುದು, ಬಿಡಿ. ಸಂತ ದೊಮೆನಿಕೊ ತೀರಿಕೊಂಡದ್ದು 1031ರಲ್ಲಿ. ಹಾವು ಕಡಿತದ ಜತೆಗೆ ಹಲ್ಲುನೋವಿಗೂ ಅವನೇ ದಿಕ್ಕು. ಅವನದೆಂದು ನಂಬಿರುವ ಒಂದು ಹಲ್ಲು, ಅವನ ಹೇಸರಗತ್ತೆಯ ಲಾಳ, ಎರಡನ್ನೂ ಊರಿನವರು ಜೋಪಾನ ಮಾಡಿದ್ದಾರೆ. ಭಕ್ತರು ಅಲ್ಲಿ ಗಂಟೆಯ ಹಗ್ಗವನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಾರೆ, ವರ್ಷವಿಡೀ ಹಲ್ಲುನೋವು ಬಾರದಿರಲಿ ಅಂತ. ನಗು ಬಂತಾ? ನನಗೂ ಬಂತು. ಆದರೆ ಆ ಹಗ್ಗ ಎಳೆದವರು ದಂತವೈದ್ಯರ ಹತ್ತಿರ ಹೋಗುವುದನ್ನೇನೂ ಬಿಟ್ಟಿಲ್ಲ.

ಇನ್ನು ನಾಗರಪಂಚಮಿ. ಕಲ್ಲಿಗೆ ಹಾಲೆರೆಯುವುದರ ಮೇಲೆ ಈ ಪತ್ರಿಕೆಗೆ ಯಾವ ಸಿಟ್ಟೂ ಇಲ್ಲ. ಸಿಟ್ಟು ಇರುವುದು ವಿಷದ ಹಲ್ಲು ಕಿತ್ತು, ಬಾಯಾರಿಸಿ, ಹಾಲು ಕುಡಿಯುತ್ತದೆ ಎಂದು ತೋರಿಸಲು ಬುಟ್ಟಿಯಲ್ಲಿ ತರುವ ನಾಗರಹಾವಿನ ವಿಷಯದಲ್ಲಿ. 1972ರ ವನ್ಯಜೀವಿ ಕಾಯ್ದೆ ಬಂದು ಐವತ್ತು ವರ್ಷ ದಾಟಿದರೂ ಆ ಬುಟ್ಟಿಯ ಹಾವಿನ ಎದುರು ಕೈಮುಗಿದು ದುಡ್ಡು ಹಾಕುವವರಿದ್ದಾರೆ. ಕೊಕುಲ್ಲೊದವರು ಹಾವನ್ನು ವಾಪಸ್ ಬಿಡುತ್ತಾರೆ. ನಾವು ಹೋಲಿಸಬೇಕಾದದ್ದು ಅಲ್ಲಿ.

ಹಬ್ಬ ಮೊದಲು ಮೇ ತಿಂಗಳ ಮೊದಲ ಗುರುವಾರ ಇತ್ತು, 2012ರಿಂದ ಮೇ 1ಕ್ಕೆ ಬಂತು. ರಜೆಯ ದಿನವಾದ್ದರಿಂದ ಜನ ಸಾವಿರಗಟ್ಟಲೆ ಬರುತ್ತಾರೆ. ಊರಲ್ಲಿ ಕಾಯಂ ಇರುವವರು ಸುಮಾರು ಇನ್ನೂರು ಜನ, ಅದರಲ್ಲೂ ವಯಸ್ಸಾದವರೇ ಜಾಸ್ತಿ. ಊರ ಹೆಸರಿನ ಹೆದ್ದಾರಿ ಎಕ್ಸಿಟ್ ಇದೆ, ಬರಲು ಸಲೀಸು. ಬಿಟ್ಟು ಹೋಗಲೂ ಅಷ್ಟೇ ಸಲೀಸು. ಬೆಟ್ಟದ ಮೇಲಿನ ಹಳ್ಳಿಗಳಿಗೆ ಹೋಗಿ 'ಆಹಾ, ಎಷ್ಟು ಚೆಂದ' ಅನ್ನುವವರು ಅಲ್ಲೊಂದು ಬ್ರೆಡ್ಡಾದರೂ ಕೊಂಡು ತಿನ್ನುತ್ತಾರಾ ಅನ್ನುವುದು ನನ್ನ ಹಳೇ ಅನುಮಾನ.

ನಮಗೆ ಬರುವ ಪ್ರವಾಸ ಲೇಖನಗಳದ್ದೂ ಇದೇ ಗೋಳು. ವೀಸಾ ಸಿಕ್ಕಿದ್ದು, ವಿಮಾನದ ಊಟ, ಹೋಟೆಲಿನ ಬಾತ್‌ರೂಮು, ಇಡ್ಲಿ ಸಿಗದ ದುಃಖ, ಕೊನೆಗೆ ಸೆಲ್ಫಿ. ಆ ಊರಿನ ಒಬ್ಬ ಮನುಷ್ಯನೂ ಅದರಲ್ಲಿ ಬಾಯಿ ತೆರೆಯುವುದಿಲ್ಲ. ನಿಮ್ಮ ಪತ್ರದಲ್ಲಿ ಒಂದು ಸಾಲಿದೆ: ಮೆರವಣಿಗೆ ಮುಗಿದ ಮೇಲೆ ಒಬ್ಬ ಹುಡುಗ ತನ್ನ ಹಾವನ್ನು ನೆರಳಿಗೆ ಒಯ್ದು ಕೂತಿದ್ದ, ಯಾರಿಗೂ ಮುಟ್ಟಲು ಕೊಡಲಿಲ್ಲ ಅಂತ. ಮಗಳಿಗೆ ಇಟಾಲಿಯನ್ ಬರುತ್ತದಲ್ಲ, ಅವನನ್ನು ಮಾತಾಡಿಸಿದ್ದರೆ ಅದನ್ನೇ ಬರೆದು ಕಳಿಸಿ. ಬಾತ್‌ರೂಮು ಬೇಡ.