ಅಮೆರಿಕದ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಕಮ್ಯುನಿಕೇಷನ್ಸ್ ಕೆಲಸಕ್ಕೆ ಸೇರುತ್ತಿದ್ದೇನೆ. ಮೊದಲ ವರ್ಷ ಯಾವುದಕ್ಕೆ ಗಮನ ಕೊಡಬೇಕು?

ಮೈಸೂರಿನಲ್ಲಿ ಪತ್ರಿಕೋದ್ಯಮ ಓದಿ, ನಾಲ್ಕು ವರ್ಷ ವರದಿಗಾರ್ತಿಯಾಗಿದ್ದು, ಈಗ ಕ್ಯಾಲಿಫೋರ್ನಿಯಾದ ಒಂದು ಡಿಸ್ಟ್ರಿಕ್ಟ್‌ಗೆ ಮುಂದಿನ ತಿಂಗಳು ಸೇರುತ್ತಿದ್ದೇನೆ ಎಂದು ಬರೆದಿದ್ದೀರಿ. ಸೋಷಿಯಲ್ ಮೀಡಿಯಾದಲ್ಲಿ ಬರುವ ಕಾಮೆಂಟುಗಳನ್ನು ಏನು ಮಾಡಬೇಕು ಎಂದೂ ಕೇಳಿದ್ದೀರಿ. ಬೇ ಏರಿಯಾದ ಒಂದು ಮಧ್ಯಮ ಗಾತ್ರದ ಡಿಸ್ಟ್ರಿಕ್ಟ್‌ನಲ್ಲಿ ನಾನು ಇದೇ ಕೆಲಸ ಮಾಡುತ್ತಾ ಹನ್ನೊಂದು ವರ್ಷವಾಯಿತು. ಅದಕ್ಕೆ ಮೊದಲು ಬೆಂಗಳೂರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಇದನ್ನು ಓದುವ ಬೇರೆಯವರಿಗಾಗಿ ಒಂದು ಮಾತು. ಇಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್ ನಮ್ಮ ಬಿಇಒ ಕಚೇರಿಯಂತೆ ಸರ್ಕಾರದ ಒಂದು ಶಾಖೆಯಲ್ಲ. ಹೆಚ್ಚಿನ ಕಡೆ ಅದಕ್ಕೆ ಜನರೇ ಆರಿಸಿದ ಮಂಡಳಿ ಇರುತ್ತದೆ, ಮಂಡಳಿ ನೇಮಿಸಿದ ಸೂಪರಿಂಟೆಂಡೆಂಟ್ ಇರುತ್ತಾರೆ, ತನ್ನದೇ ಬಜೆಟ್ ಇರುತ್ತದೆ. ದೇಶದಲ್ಲಿ ಇಂಥವು ಸುಮಾರು 13 ಸಾವಿರ ಇವೆ.

ಮೊದಲ ವಾರ ನಿಮ್ಮ ಕೈಗೆ ಲ್ಯಾಪ್‌ಟಾಪ್, ಲೋಗೋ ಬಳಸುವ ನಿಯಮಗಳು, ಫೇಸ್‌ಬುಕ್ ಪುಟದ ಪಾಸ್‌ವರ್ಡ್ ಕೊಡುತ್ತಾರೆ. ಅದನ್ನೆಲ್ಲ ಪಕ್ಕಕ್ಕಿಟ್ಟು ಯಾವುದಾದರೂ ಒಂದು ಎಲಿಮೆಂಟರಿ ಶಾಲೆಯ ಫ್ರಂಟ್ ಆಫೀಸಿಗೆ ಹೋಗಿ ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಕೂತು ಬನ್ನಿ. ಬರುವ ಫೋನ್ ಕರೆಗಳನ್ನು ಕೇಳಿಸಿಕೊಳ್ಳಿ. ಬಸ್ ಇನ್ನೂ ಬಂದಿಲ್ಲ. ಇವತ್ತು ಮಕ್ಕಳನ್ನು ಎಷ್ಟು ಹೊತ್ತಿಗೆ ಬಿಡುತ್ತೀರಿ? ನಿನ್ನೆ ಬಂದ ಮೆಸೇಜ್ ನನ್ನ ಮಗಳ ತರಗತಿಗೂ ಅನ್ವಯಿಸುತ್ತದೆಯೇ? ಅಲ್ಲಿ ಕೂತ ಸೆಕ್ರೆಟರಿ ಹೆಚ್ಚಾಗಿ ಹತ್ತಿಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿರುವವರು. ತಂದೆ ತಾಯಿಯರಿಗೆ ಡಿಸ್ಟ್ರಿಕ್ಟ್ ಅಂದರೆ ಅವರ ದನಿ. ನೀವು ಎಷ್ಟು ಚೆನ್ನಾಗಿ ಬರೆದರೂ ಜನ ನಂಬುವುದು ಫೋನಿನಲ್ಲಿ ಅವರು ಹೇಳಿದ್ದನ್ನು.

ನನ್ನ ಮೊದಲ ವರ್ಷದಲ್ಲಿ ಒಂದು ಶುಕ್ರವಾರ ಸಂಜೆ, ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಎಂಬ ಗಡಿ ಬದಲಾವಣೆಯ ಪತ್ರವನ್ನು ನೇರವಾಗಿ ಎಲ್ಲ ಪೋಷಕರಿಗೆ ಕಳಿಸಿಬಿಟ್ಟೆ. ಶಾಲೆಗಳಿಗೆ ಮೊದಲೇ ತಿಳಿಸಿರಲಿಲ್ಲ. ಸೋಮವಾರ ಒಬ್ಬ ಸೆಕ್ರೆಟರಿ ನನಗೆ ಫೋನ್ ಮಾಡಿ, ನನ್ನದೇ ಶಾಲೆಯ ಸುದ್ದಿಯನ್ನು ನಾನು ಪೋಷಕರ ಬಾಯಿಂದ ಕೇಳಬೇಕಾಯಿತು ಎಂದರು. ಕೂಗಾಡಲಿಲ್ಲ. ಆ ನೋವು ಇನ್ನೂ ನನ್ನ ಕಿವಿಯಲ್ಲಿದೆ. ಅಂದಿನಿಂದ ಏನೇ ಹೋಗಲಿ, ಕನಿಷ್ಠ ಕಾಲು ಗಂಟೆ ಮೊದಲು ಶಾಲೆಯ ಸಿಬ್ಬಂದಿಗೆ ಹೋಗುತ್ತದೆ. ಜನ ಖಂಡಿತ ಕೇಳುವ ಮೂರು ಪ್ರಶ್ನೆ ಮತ್ತು ಅವಕ್ಕೆ ಉತ್ತರ ಜೊತೆಗಿರುತ್ತವೆ. ಉತ್ತರ ಇನ್ನೂ ಸಿದ್ಧವಿಲ್ಲದಿದ್ದರೆ ಯಾವಾಗ ಸಿಗುತ್ತದೆ ಎಂದಾದರೂ ಬರೆದಿರುತ್ತೇನೆ.

ಇನ್ನು ನೀವು ಪತ್ರಿಕೆಯಿಂದ ತರುವ ಒಂದು ಅಭ್ಯಾಸದ ಬಗ್ಗೆ. ಪೂರ್ತಿ ಖಚಿತವಾಗುವವರೆಗೆ ಅಚ್ಚಿಗೆ ಕಳಿಸಬಾರದು ಅನ್ನುವುದು ಡೆಸ್ಕಿನ ಧರ್ಮ. ಇಲ್ಲಿ ಅದನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಪಕ್ಕದ ಬೀದಿಯಲ್ಲಿ ಪೊಲೀಸರು ಯಾರನ್ನೋ ಹುಡುಕುತ್ತಿದ್ದರು. ಶಾಲೆ ಹೊರಬಾಗಿಲು ಹಾಕಿಕೊಂಡಿತು. ಪೊಲೀಸರಿಂದ ಎಲ್ಲ ವಿವರ ಬರಲಿ ಎಂದು ನಾನು ಕಾದೆ. ಮೊದಲ ಸಂದೇಶ ಹೋಗುವಾಗ ನಲವತ್ತು ನಿಮಿಷ ಕಳೆದಿತ್ತು. ಅಷ್ಟರಲ್ಲಿ ಪೋಷಕರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಶಾಲೆಯೊಳಗೆ ಗುಂಡು ಹಾರಿದೆ ಎಂಬ ಮಾತು ಹಬ್ಬಿ ಗೇಟಿನ ಮುಂದೆ ನೂರಾರು ಕಾರು ಸೇರಿದ್ದವು. ಪೊಲೀಸರ ಗಾಡಿಗೇ ದಾರಿ ಇರಲಿಲ್ಲ.

ನಾನು ಅಲ್ಲಿಗೆ ಓಡಿದಾಗ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡ ಒಬ್ಬ ಅಜ್ಜಿ ಬೇಲಿ ಹಿಡಿದು ನಿಂತಿದ್ದರು. ಮೊಮ್ಮಗಳನ್ನು ಕರೆದೊಯ್ಯಲು ದಿನಾ ನಡೆದು ಬರುವವರು. ಯಾರೋ ಇಂಗ್ಲಿಷಿನಲ್ಲಿ ಕೂಗುತ್ತಿದ್ದರು, ಅವರಿಗೆ ಒಂದೂ ಅರ್ಥವಾಗುತ್ತಿರಲಿಲ್ಲ. ನನ್ನ ಕುತ್ತಿಗೆಯ ಬ್ಯಾಡ್ಜಿನಲ್ಲಿದ್ದ ಹೆಸರಿನಿಂದ ಗುರುತಿಸಿದರೋ ಮುಖ ನೋಡಿ ಊಹಿಸಿದರೋ, ‘ಅಲ್ಲವಾ, ಒಳಗ ಏನರ ಆಗೇದೇನು? ಹುಡುಗಿನ ಯಾಕ ಬಿಡವಲ್ರು?’ ಎಂದರು. ‘ಒಳಗೆ ಏನೂ ಆಗಿಲ್ಲ ಅಜ್ಜಿ, ಹೊರಗೆ ಪೊಲೀಸರು ಯಾರನ್ನೋ ಹುಡುಕ್ತಿದ್ದಾರೆ, ಮಕ್ಕಳು ಒಳಗೆ ಪಾಠ ಕೇಳ್ತಾ ಇದ್ದಾರೆ’ ಎಂದೆ. ಅವರು ಬೇಲಿ ಬಿಟ್ಟು ಅಲ್ಲೇ ಕಟ್ಟೆಯ ಮೇಲೆ ಕೂತರು. ಆ ಒಂದು ವಾಕ್ಯವನ್ನು ನಲವತ್ತು ನಿಮಿಷ ಮೊದಲು ಎಲ್ಲರಿಗೂ ಹೇಳಬಹುದಿತ್ತು. ನನಗೆ ಆಗಲೇ ಗೊತ್ತಿದ್ದದ್ದು ಅದು.

ಈಗ ನನ್ನ ಮೊದಲ ಸಂದೇಶ ಹೀಗಿರುತ್ತದೆ: ‘1.40ಕ್ಕೆ ಪೊಲೀಸರ ಸೂಚನೆಯಂತೆ ಶಾಲೆಯ ಹೊರಬಾಗಿಲುಗಳನ್ನು ಹಾಕಿದ್ದೇವೆ. ಮಕ್ಕಳೆಲ್ಲ ಒಳಗೆ ಸುರಕ್ಷಿತವಾಗಿದ್ದಾರೆ, ಪಾಠ ನಡೆಯುತ್ತಿದೆ. ದಯವಿಟ್ಟು ಈಗ ಶಾಲೆಯ ಹತ್ತಿರ ಬರಬೇಡಿ. ಮುಂದಿನ ಸುದ್ದಿಯನ್ನು 2.10ಕ್ಕೆ ಕಳಿಸುತ್ತೇವೆ.’ ಕಾರಣ, ಊಹೆ, ಸಮಾಧಾನದ ಉಪನ್ಯಾಸ ಯಾವುದೂ ಬೇಡ. 2.10ಕ್ಕೆ ಹೊಸದೇನೂ ಇಲ್ಲದಿದ್ದರೂ, ಹೊಸದೇನೂ ಇಲ್ಲ ಎಂದೇ 2.10ಕ್ಕೆ ಸರಿಯಾಗಿ ಕಳಿಸಬೇಕು. ಇಂಥ ಹತ್ತು ಹನ್ನೆರಡು ಕರಡುಗಳನ್ನು ಪ್ರಿನ್ಸಿಪಾಲರು ಮತ್ತು ಸ್ಥಳೀಯ ಪೊಲೀಸರ ಜೊತೆ ಕೂತು ಬೇಸಿಗೆ ರಜೆಯಲ್ಲೇ ಬರೆದಿಟ್ಟುಕೊಳ್ಳಿ. ಗಲಾಟೆಯ ನಡುವೆ ಹೊಸ ವಾಕ್ಯ ಹುಟ್ಟಿಸುವುದು ಕಷ್ಟ.

ಪದಗಳ ವಿಷಯದಲ್ಲಿ ಬಹಳ ಎಚ್ಚರ ಬೇಕು. 2006ರಲ್ಲಿ ಕೊಲರಾಡೋದ ಬೇಲಿ ಎಂಬ ಊರಿನ ಹೈಸ್ಕೂಲಿನಲ್ಲಿ ಬಂದೂಕುಧಾರಿಯೊಬ್ಬ ಹೆಣ್ಣುಮಕ್ಕಳನ್ನು ಒತ್ತೆ ಇಟ್ಟುಕೊಂಡ. ಆ ದಿನ ಜೀವ ಕಳೆದುಕೊಂಡ ಹುಡುಗಿ ಕೊನೆಯದಾಗಿ ಮನೆಯವರಿಗೆ ಕಳಿಸಿದ್ದ ಪ್ರೀತಿಯ ಸಂದೇಶವನ್ನೇ ಹೆಸರಾಗಿಟ್ಟುಕೊಂಡು ಅವಳ ತಂದೆ ತಾಯಿ ‘ಐ ಲವ್ ಯು ಗೈಸ್’ ಫೌಂಡೇಷನ್ ಕಟ್ಟಿದರು. ಶಾಲೆಗಳಿಗಾಗಿ ಅವರು ರೂಪಿಸಿದ ಕ್ರಮದಲ್ಲಿ ಈಗ ಐದು ಪದಗಳಿವೆ: ಹೋಲ್ಡ್, ಸೆಕ್ಯೂರ್, ಲಾಕ್‌ಡೌನ್, ಇವ್ಯಾಕ್ಯುಯೇಟ್, ಶೆಲ್ಟರ್. ಅಪಾಯ ಹೊರಗಿದ್ದರೆ ಸೆಕ್ಯೂರ್: ಹೊರಬಾಗಿಲು ಭದ್ರ, ಒಳಗೆ ಪಾಠ ಎಂದಿನಂತೆ. ಅಪಾಯ ಒಳಗೇ ಇದ್ದರೆ ಲಾಕ್‌ಡೌನ್: ಕೋಣೆಗೆ ಬೀಗ, ದೀಪ ಆರಿಸಿ ಮರೆಯಾಗುವುದು. ಸೆಕ್ಯೂರ್‌ಗೆ ಮೊದಲು ಲಾಕ್‌ಔಟ್ ಎನ್ನುತ್ತಿದ್ದರು. ಲಾಕ್‌ಡೌನ್ ಜೊತೆ ಜನ ಗೊಂದಲ ಮಾಡಿಕೊಂಡಿದ್ದರಿಂದ ಹೆಸರನ್ನೇ ಬದಲಾಯಿಸಿದರು. ನಿಮ್ಮ ಡಿಸ್ಟ್ರಿಕ್ಟ್ ಯಾವ ಪದಗಳನ್ನು ಬಳಸುತ್ತದೆಯೋ ನೋಡಿ, ಅವುಗಳ ಅರ್ಥವನ್ನು ಆಗಸ್ಟಿನಲ್ಲಿ ಶಾಲೆ ಶುರುವಾಗುವಾಗಲೇ ಪೋಷಕರಿಗೆ ಹೇಳಿಬಿಡಿ.

ಇದೇ ತತ್ವ ಕಾಡ್ಗಿಚ್ಚಿನ ಹೊಗೆಗೂ ಸಲ್ಲುತ್ತದೆ. 2018ರ ನವೆಂಬರ್‌ನಲ್ಲಿ ಕ್ಯಾಂಪ್ ಫೈರ್ ಎಂಬ ಕಾಡ್ಗಿಚ್ಚಿನ ಹೊಗೆ ಬೇ ಏರಿಯಾದ ಮೇಲೆ ಕವಿದು, 16ನೇ ತಾರೀಖು ಇಲ್ಲಿನ ಬಹಳಷ್ಟು ಶಾಲೆಗಳು ಮುಚ್ಚಿದ್ದವು. ಅಂಥ ದಿನಗಳಲ್ಲಿ ಪಕ್ಕದ ಡಿಸ್ಟ್ರಿಕ್ಟ್ ಮುಚ್ಚಿದೆ, ನಾವು ಯಾಕೆ ಮುಚ್ಚಿಲ್ಲ ಎಂಬ ಕರೆಗಳು ನಿಲ್ಲುವುದೇ ಇಲ್ಲ. ಗಾಳಿಯ ಗುಣಮಟ್ಟ ಎಷ್ಟು ಅಂಕಿ ತಲುಪಿದರೆ ಆಟ ಬಂದ್, ಎಷ್ಟಾದರೆ ಶಾಲೆ ಮುಚ್ಚುವ ವಿಚಾರ, ತೀರ್ಮಾನ ಎಷ್ಟು ಗಂಟೆಯೊಳಗೆ ತಿಳಿಸುತ್ತೇವೆ ಎಂಬುದನ್ನು ಹೊಗೆ ಬರುವ ಮೊದಲೇ ಪ್ರಕಟಿಸಿದ್ದರೆ ಅರ್ಧ ಜಗಳ ಇರುವುದಿಲ್ಲ.

ಭಾಷೆಯ ವಿಷಯ ನಿಮಗೆ ನನ್ನಷ್ಟೇ ಹತ್ತಿರದ್ದು. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳು ತಮಗೆ ತಿಳಿಯದ ಭಾಷೆಯಲ್ಲಿ ಪಾಠ ಮಾಡುತ್ತಿದ್ದಾರೆ ಎಂದು ಕೋರ್ಟಿಗೆ ಹೋದದ್ದು, 1974ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟದ್ದು, ಲಾವ್ ವರ್ಸಸ್ ನಿಕೋಲ್ಸ್ ಪ್ರಕರಣ. ಅದನ್ನು ಒಮ್ಮೆ ಓದಿಕೊಳ್ಳಿ. ಕ್ಯಾಲಿಫೋರ್ನಿಯಾ ಕಾನೂನಿನಂತೆ ಒಂದು ಶಾಲೆಯ ಶೇ. 15ರಷ್ಟು ಮಕ್ಕಳ ಮನೆಮಾತು ಒಂದೇ ಭಾಷೆಯಾಗಿದ್ದರೆ ಪೋಷಕರಿಗೆ ಹೋಗುವ ನೋಟಿಸುಗಳು ಆ ಭಾಷೆಯಲ್ಲೂ ಇರಬೇಕು. ಕನ್ನಡ ಆ ಗೆರೆ ಮುಟ್ಟುವುದನ್ನು ನಾನಂತೂ ಕಂಡಿಲ್ಲ. ಹಾಗಾಗಿ ಆ ಅಜ್ಜಿಯಂಥವರಿಗೆ ಸಿಗುವುದು ಆ್ಯಪ್ ಮಾಡುವ ಯಂತ್ರಾನುವಾದ. ಅದರಲ್ಲಿ ಮಕ್ಕಳನ್ನು ಬೇಗ ಬಿಡುವ ಮಿನಿಮಮ್ ಡೇ ‘ಕನಿಷ್ಠ ದಿನ’ ಆಗಿ, ಶಾಲೆಯ ಮೇಲಿನ ಅಭಿಮಾನ ತೋರಿಸುವ ಸ್ಪಿರಿಟ್ ವೀಕ್ ‘ಆತ್ಮ ವಾರ’ ಆಗಿ ಬಂದದ್ದನ್ನು ನೋಡಿದ್ದೇನೆ. ತಪ್ಪು ಯಂತ್ರದ್ದಷ್ಟೇ ಅಲ್ಲ, ನಾವು ಬರೆದ ಇಂಗ್ಲಿಷಿನದೂ ಹೌದು. ‘ನಾಳೆ ಮಿನಿಮಮ್ ಡೇ’ ಎನ್ನುವ ಬದಲು ‘ನಾಳೆ ಮಕ್ಕಳನ್ನು 12.30ಕ್ಕೆ ಬಿಡುತ್ತೇವೆ’ ಎಂದು ಬರೆದರೆ ಯಾವ ಭಾಷೆಗೆ ಹೋದರೂ ಅರ್ಥ ಉಳಿಯುತ್ತದೆ. ಇಂಗ್ಲಿಷ್ ಬಲ್ಲ ತಂದೆ ತಾಯಿಗೂ ಅದೇ ಸುಲಭ. ಹಾಗೆಯೇ, ಮಗುವನ್ನೇ ದುಭಾಷಿಯಾಗಿ ನಿಲ್ಲಿಸಲು ಯಾರಿಗೂ ಬಿಡಬೇಡಿ. ತನ್ನ ಮೇಲಿನ ದೂರನ್ನು ತಾನೇ ಅಮ್ಮನಿಗೆ ಅನುವಾದಿಸುವ ಹತ್ತು ವರ್ಷದ ಹುಡುಗನ ಮುಖ ನೋಡಿದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ.

ಕಾನೂನಿನ ಬಾಬತ್ತು. 1974ರ ಫೆರ್ಪಾ ಕಾಯ್ದೆ ಮಕ್ಕಳ ದಾಖಲೆಗಳ ಗೋಪ್ಯತೆಯದ್ದು. ಹೆಸರು, ಫೋಟೋದಂಥ ಕೆಲವು ವಿವರಗಳನ್ನು ಡಿಸ್ಟ್ರಿಕ್ಟ್ ಪ್ರಕಟಿಸಬಹುದಾದರೂ ಬೇಡ ಎನ್ನುವ ಹಕ್ಕು ಪೋಷಕರಿಗಿದೆ. ಆ ಬೇಡ ಎಂದವರ ಪಟ್ಟಿ ನೋಡದೆ ಒಂದು ಫೋಟೋ ಕೂಡ ಹಾಕಬೇಡಿ. ಹಿಂಸೆ ಕೊಡುವ ಗಂಡನಿಂದ ತಪ್ಪಿಸಿಕೊಂಡು ಊರು ಬಿಟ್ಟು ಬಂದ ತಾಯಿಯ ಮಗು ಆ ಫೋಟೋದ ಮೂಲೆಯಲ್ಲಿ ಇರಬಹುದು, ಹಿಂದಿನ ಗೋಡೆಯ ಮೇಲೆ ಶಾಲೆಯ ಹೆಸರಿರಬಹುದು. ಶಾಲೆಗಳಿಗಾಗಿ ಸಾಲ ಎತ್ತುವ ಬಾಂಡ್ ಅಥವಾ ತೆರಿಗೆಗೆ ಜನರ ಒಪ್ಪಿಗೆ ಕೇಳುವ ಮತದಾನ ಬಂದಾಗ ಸಾರ್ವಜನಿಕ ಹಣದಲ್ಲಿ ಪ್ರಚಾರ ಮಾಡುವಂತಿಲ್ಲ ಎಂದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 1976ರ ಸ್ಟ್ಯಾನ್ಸನ್ ವರ್ಸಸ್ ಮಾಟ್ ಪ್ರಕರಣದಲ್ಲಿ ಹೇಳಿದೆ. ಮಾಹಿತಿ ಕೊಡಬಹುದು, ಮತ ಕೇಳಬಾರದು. ವಿಶೇಷಣಗಳೇ ಇಲ್ಲಿ ಅಪಾಯ. ಕರಡನ್ನು ವಕೀಲರಿಗೆ ತೋರಿಸಿ.

ಕಾಮೆಂಟುಗಳ ಬಗ್ಗೆಯೂ ಕೇಳಿದ್ದೀರಿ. ಸ್ಯಾನ್ ಡಿಯಾಗೋ ಬಳಿಯ ಪೊವೇ ಡಿಸ್ಟ್ರಿಕ್ಟ್‌ನ ಇಬ್ಬರು ಮಂಡಳಿ ಸದಸ್ಯರು ಟೀಕಿಸುತ್ತಿದ್ದ ಪೋಷಕರನ್ನು ಸೋಷಿಯಲ್ ಮೀಡಿಯಾದಲ್ಲಿ ಬ್ಲಾಕ್ ಮಾಡಿದ್ದು ಸುಪ್ರೀಂ ಕೋರ್ಟ್ ತನಕ ಹೋಯಿತು. ಅದನ್ನೂ ಮಿಶಿಗನ್‌ನ ಲಿಂಡ್ಕಿ ವರ್ಸಸ್ ಫ್ರೀಡ್ ಪ್ರಕರಣವನ್ನೂ ಒಂದೇ ದಿನ ಕೇಳಿದ ಕೋರ್ಟ್ 2024ರ ಮಾರ್ಚ್‌ನಲ್ಲಿ ಒಂದು ಪರೀಕ್ಷೆ ಹಾಕಿಕೊಟ್ಟಿತು: ಸರ್ಕಾರದ ಪರವಾಗಿ ಮಾತಾಡುವ ಅಧಿಕಾರ ಆ ವ್ಯಕ್ತಿಗೆ ನಿಜವಾಗಿ ಇತ್ತೇ, ಆ ಪೋಸ್ಟಿನಲ್ಲಿ ಅದನ್ನು ಚಲಾಯಿಸಿದರೇ? ಡಿಸ್ಟ್ರಿಕ್ಟ್‌ನ ಅಧಿಕೃತ ಪುಟ ನಿಮ್ಮ ಕೈಲಿದ್ದರೆ, ಬೈಗುಳ ತಿಂದ ಸಿಟ್ಟಿನಲ್ಲಿ ಯಾರ ಕಾಮೆಂಟನ್ನೂ ಅಳಿಸಬೇಡಿ. ಪ್ರಶ್ನೆಗೆ ಒಮ್ಮೆ ಉತ್ತರ ಕೊಟ್ಟು ಸುಮ್ಮನಾಗಿ.

ಮಂಡಳಿಯ ನಿಯಮಿತ ಸಭೆಯ ಅಜೆಂಡಾ, ಸಭೆಗಳು ಬಹಿರಂಗವಾಗಿರಬೇಕು ಎನ್ನುವ ಕ್ಯಾಲಿಫೋರ್ನಿಯಾದ ಬ್ರೌನ್ ಆ್ಯಕ್ಟ್ ಪ್ರಕಾರ 72 ಗಂಟೆ ಮೊದಲೇ ಸಾರ್ವಜನಿಕವಾಗಬೇಕು. ಅದು ಹೊರಬೀಳುವ ಮೊದಲು ನೀವು ಓದಿರಬೇಕು. ತಮ್ಮ ಶಾಲೆ ಮುಚ್ಚುವ ಸಂಗತಿಯನ್ನು ಅಜೆಂಡಾದ ಹದಿನಾಲ್ಕನೇ ಸಾಲಿನಲ್ಲಿ ಕಂಡುಕೊಳ್ಳುವ ಶಿಕ್ಷಕರನ್ನು ಮತ್ತೆ ಯಾವ ಪತ್ರವೂ ಒಲಿಸಲಾರದು. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಇಲ್ಲಿ ಆ ಮಾತು ನಿಮ್ಮ ಕಾಲದಲ್ಲೂ ಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ 2024ರ ಅಕ್ಟೋಬರ್‌ನಲ್ಲಿ ಮುಚ್ಚಬಹುದಾದ ಶಾಲೆಗಳ ಪಟ್ಟಿ ಹೊರಹಾಕಿತು. ಅದೇ ತಿಂಗಳು ಸೂಪರಿಂಟೆಂಡೆಂಟ್ ರಾಜೀನಾಮೆ ಕೊಟ್ಟರು, ಯೋಜನೆ ನಿಂತಿತು. ತೀರ್ಮಾನ ಆದಮೇಲೆ ಚೆಂದದ ಮಾತು ಹುಡುಕಲು ನಿಮ್ಮನ್ನು ಕರೆದರೆ ಏನೂ ಮಾಡಲಾಗದು. ಚರ್ಚೆ ನಡೆಯುವಾಗಲೇ ಕೋಣೆಯಲ್ಲಿ ಒಂದು ಕುರ್ಚಿ ಕೇಳಿ. ಮೊದಲ ವರ್ಷ ಕೊಡದಿರಬಹುದು, ಆದರೂ ಕೇಳಿ.

ಕಲಿಯಲು, ನ್ಯಾಷನಲ್ ಸ್ಕೂಲ್ ಪಬ್ಲಿಕ್ ರಿಲೇಷನ್ಸ್ ಅಸೋಸಿಯೇಷನ್ 1935ರಿಂದ ಇದೆ, ಕ್ಯಾಲಿಫೋರ್ನಿಯಾಕ್ಕೂ ಅಂಥ ಸಂಘವಿದೆ. ಸದಸ್ಯತ್ವದ ಹಣವನ್ನು ಡಿಸ್ಟ್ರಿಕ್ಟ್‌ನಿಂದಲೇ ಕೇಳಿ. ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ನಡೆಸುವ, ತುರ್ತು ಸಮಯದಲ್ಲಿ ಜನರಿಗೆ ಮಾಹಿತಿ ಕೊಡುವುದನ್ನು ಕಲಿಸುವ ಐಎಸ್-29 ಎಂಬ ಆನ್‌ಲೈನ್ ಕೋರ್ಸ್ ಉಚಿತ.

ಕೊನೆಯದನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ, ಆದರೂ ಹೇಳಬೇಕು. ಒಂದು ದಿನ ಒಬ್ಬ ವಿದ್ಯಾರ್ಥಿ ತೀರಿಕೊಂಡ ಸುದ್ದಿ ಬರುತ್ತದೆ. ಆಗ ಅವಸರವೇ ಬೇಡ. ಮೊದಲು ಯಾರಾದರೂ ಮನೆಯವರೊಂದಿಗೆ ಮಾತಾಡಲಿ; ಎಷ್ಟು ಹೇಳಬಹುದು ಎಂಬುದು ಅವರ ಮಾತು. ಮೈಕಿನಲ್ಲಿ ಘೋಷಿಸಬಾರದು. ಮಕ್ಕಳಿಗೆ ಅವರದೇ ಶಿಕ್ಷಕರು ತರಗತಿಯಲ್ಲಿ, ಬರೆದುಕೊಟ್ಟ ನಾಲ್ಕು ಸಾಲು ಓದಿ ಹೇಳಬೇಕು, ಪಕ್ಕದಲ್ಲಿ ಕೌನ್ಸೆಲರ್ ಇರಬೇಕು. ಆತ್ಮಹತ್ಯೆಯಾಗಿದ್ದರೆ ಹೇಗೆ, ಎಲ್ಲಿ ಎಂಬ ವಿವರ ಪತ್ರದಲ್ಲಿ ಬರಲೇಬಾರದು. 988 ಸಹಾಯವಾಣಿ ಬರಲೇಬೇಕು. ಆ ನಾಲ್ಕು ಸಾಲನ್ನು ಓದಬೇಕಾದ ಶಿಕ್ಷಕಿಗೆ ದನಿ ಒಡೆಯದಂತೆ ವಾಕ್ಯ ಚಿಕ್ಕದಾಗಿರಲಿ. ನಾನು ಬರೆದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ ನೋಡುತ್ತೇನೆ, ಎಲ್ಲಿ ನನ್ನ ಗಂಟಲು ಕಟ್ಟುತ್ತದೋ ಅಲ್ಲಿ ವಾಕ್ಯ ಮುರಿಯುತ್ತೇನೆ.

ಸೇರಿದ ದಿನವೇ ಮಾಡಬೇಕಾದ ಒಂದು ಸಣ್ಣ ಕೆಲಸ ಇದೆ. ತುರ್ತು ಸಂದೇಶ ಕಳಿಸುವ ವ್ಯವಸ್ಥೆಗೆ ನಿಮ್ಮ ಮೊಬೈಲಿನಿಂದಲೇ ಲಾಗಿನ್ ಆಗಿ, ನಿಮಗೊಬ್ಬರಿಗೇ ಒಂದು ಪರೀಕ್ಷಾ ಸಂದೇಶ ಕಳಿಸಿ ನೋಡಿ. ನೀವು ವಿಮಾನದಲ್ಲಿದ್ದಾಗ ಅದನ್ನು ಕಳಿಸಬಲ್ಲವರು ಇನ್ನಿಬ್ಬರು ಯಾರು ಎಂದು ಕೇಳಿ, ಅವರ ಹೆಸರು ಬರೆದುಕೊಳ್ಳಿ. ಇಬ್ಬರಿಲ್ಲದಿದ್ದರೆ ಅದನ್ನು ಅದೇ ವಾರ ಸರಿಮಾಡಿಸಿ.