ಬೇರೆ ಕಾಲೇಜಿಗೆ ಹೋದ ಮಗನನ್ನು ಒಂದು ವರ್ಷ ಕೂರಿಸಬೇಕಾ?

ನಿಮ್ಮ ಪ್ರಶ್ನೆ ಇಷ್ಟು. ಮಗ ಅಮೆರಿಕದ ಒಂದು ಸಣ್ಣ ಡಿವಿಷನ್ ಒನ್ (ಕಾಲೇಜು ಆಟದ ಅತಿ ಮೇಲಿನ ದರ್ಜೆ) ಕಾಲೇಜಿನಲ್ಲಿ ಎರಡು ವರ್ಷ ಬ್ಯಾಸ್ಕೆಟ್‌ಬಾಲ್ ಆಡಿದ. ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಮುಂದೆ ಒಯ್ದು ಆಟ ನಡೆಸುವವನು. ಈಗ ಟ್ರಾನ್ಸ್‌ಫರ್ ತಗೊಂಡು ದೊಡ್ಡ ಕಾಲೇಜಿಗೆ ಸೇರಿದ್ದಾನೆ. ಅಲ್ಲಿ ಅದೇ ಜಾಗದಲ್ಲಿ ಇಬ್ಬರು ಸೀನಿಯರ್‌ಗಳಿದ್ದಾರೆ. ಕೋಚ್ "ಈ ವರ್ಷ ರೆಡ್‌ಶರ್ಟ್ ಮಾಡೋಣ" ಅನ್ನುತ್ತಿದ್ದಾರೆ, ಅಂದರೆ ಒಂದು ವರ್ಷ ಪಂದ್ಯ ಆಡಿಸದೆ ಕೂರಿಸುವುದು. ಮಗನಿಗೆ ಸುತರಾಂ ಇಷ್ಟವಿಲ್ಲ. ಒಪ್ಪಬೇಕಾ ಬೇಡವಾ?

ನಾನು ಕೋಚ್ ಅಲ್ಲ. ಅಲ್ಲಿಗೆ ಓದಲು ಹೋದವನು, ಆಮೇಲೆ ಒಂದು ವಿಶ್ವವಿದ್ಯಾಲಯದಲ್ಲಿ ಆಟಗಾರರ ಓದು ನೋಡಿಕೊಳ್ಳುವ ಕಚೇರಿಯಲ್ಲಿ ಆರು ವರ್ಷ ಕೆಲಸ ಮಾಡಿದೆ. ಯಾರು ಎಷ್ಟು ಕ್ರೆಡಿಟ್ ಮುಗಿಸಿದ್ದಾರೆ, ಯಾರಿಗೆ ಎಷ್ಟು ಸೀಸನ್ ಉಳಿದಿದೆ ಅನ್ನುವ ಪಟ್ಟಿ ನನ್ನ ಮೇಜಿನ ಮೇಲೆ ಇರುತ್ತಿತ್ತು. ಆ ಮೇಜಿನ ಈಚೆ ಕೂತು ಕಂಡದ್ದನ್ನು ಹೇಳುತ್ತೇನೆ.

ನನ್ನ ಉತ್ತರ: ಒಪ್ಪಿಕೊಳ್ಳಿ. ಆದರೆ ಕೋಚ್ ಬಾಯಿಂದ ಒಂದು ಮಾತು ಬಂದ ಮೇಲೆ. ಆ ಮಾತು ಯಾವುದು ಅಂತ ಹೇಳುವ ಮೊದಲು ನಿಯಮ ನೋಡೋಣ, ಬೇರೆಯವರೂ ಇದನ್ನು ಓದಬಹುದು.

ಅಲ್ಲಿನ ಕಾಲೇಜು ಆಟಗಳ ನಿಯಮ ಮಾಡುವ ಸಂಸ್ಥೆ ಎನ್‌ಸಿಎಎ ಲೆಕ್ಕದಲ್ಲಿ ಡಿವಿಷನ್ ಒನ್ ಆಟಗಾರನಿಗೆ ಸಿಗುವುದು ಐದು ವರ್ಷ. ಅಷ್ಟರಲ್ಲಿ ನಾಲ್ಕು ಸೀಸನ್ ಆಡಬಹುದು. ಕಾಲೇಜಿಗೆ ಪೂರ್ಣಾವಧಿ ವಿದ್ಯಾರ್ಥಿಯಾಗಿ ಸೇರಿದ ದಿನ ಗಡಿಯಾರ ಶುರು, ಕಾಲೇಜು ಬದಲಿಸಿದರೂ ಅದು ನಿಲ್ಲುವುದಿಲ್ಲ. ಐದಕ್ಕೂ ನಾಲ್ಕಕ್ಕೂ ನಡುವೆ ಉಳಿಯುವ ಆ ಒಂದು ವರ್ಷವೇ ರೆಡ್‌ಶರ್ಟ್. ಪ್ರಾಕ್ಟೀಸ್ ಮಾಡಬಹುದು, ಸ್ಕಾಲರ್‌ಶಿಪ್ ಇರುತ್ತದೆ, ಪಂದ್ಯ ಮಾತ್ರ ಆಡುವಂತಿಲ್ಲ. ನಿಮ್ಮ ಮಗ ಎರಡು ವರ್ಷದಲ್ಲಿ ಎರಡು ಸೀಸನ್ ಆಡಿದ್ದಾನೆ. ಹಾಗಾಗಿ ಮೂರು ವರ್ಷ, ಎರಡು ಸೀಸನ್ ಕೈಯಲ್ಲಿದೆ. ಒಂದು ವರ್ಷ ಕೂತರೂ ನಷ್ಟವಿಲ್ಲ. ಮೊದಲೇ ಒಂದು ವರ್ಷ ಕೂತಿದ್ದರೆ ಈ ಚರ್ಚೆಯೇ ಬೇಡವಾಗಿತ್ತು.

ಇದರಲ್ಲಿ ಎರಡು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ 2018ರಿಂದ ನಾಲ್ಕು ಪಂದ್ಯ ಆಡಿಯೂ ರೆಡ್‌ಶರ್ಟ್ ಉಳಿಸಿಕೊಳ್ಳಬಹುದು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಆ ಸೌಲಭ್ಯ ಇಲ್ಲ. ಸೀಸನ್ನಿನ ಒಂದು ಪಂದ್ಯದಲ್ಲಿ ಒಂದು ನಿಮಿಷ ಇಳಿದರೂ ಇಡೀ ಸೀಸನ್ ಖರ್ಚು. ಎರಡನೆಯದು, ರೆಡ್‌ಶರ್ಟ್‌ಗೆ ಅರ್ಜಿ ಇಲ್ಲ, ಸಹಿ ಇಲ್ಲ. ಸೀಸನ್ ಪೂರ್ತಿ ಆಡದೇ ಉಳಿದರೆ ಅದೇ ರೆಡ್‌ಶರ್ಟ್. ಅಂದರೆ ಸೆಪ್ಟೆಂಬರ್‌ನಲ್ಲಿ ಕೋಚ್ ಕೊಡುವುದು ಬರೀ ಮಾತು. ಆ ನಿರ್ಧಾರವನ್ನು ಅವರು ನವೆಂಬರ್‌ನಿಂದ ಮಾರ್ಚ್‌ವರೆಗೆ ಪ್ರತಿ ಪಂದ್ಯದ ರಾತ್ರಿ ಮತ್ತೆ ಮತ್ತೆ ತೆಗೆದುಕೊಳ್ಳುತ್ತಿರುತ್ತಾರೆ.

ನಾನಿದ್ದ ಕಡೆ ಒಬ್ಬ ಹುಡುಗನಿದ್ದ. ಅವನೂ ಟ್ರಾನ್ಸ್‌ಫರ್, ಅವನಿಗೂ ಇದೇ ಮಾತು ಕೊಟ್ಟಿದ್ದರು. ನವೆಂಬರ್, ಡಿಸೆಂಬರ್ ಎರಡೂ ತಿಂಗಳು ಬೆಂಚಿನ ತುದಿಯಲ್ಲಿ ಕೂತ. ಜನವರಿ ಕೊನೆಗೆ ಒಬ್ಬ ಗಾರ್ಡ್‌ನ ಕಣಕಾಲು ಉಳುಕಿತು, ಇನ್ನೊಬ್ಬನಿಗೆ ಜ್ವರ. ಆವತ್ತಿನ ಪಂದ್ಯದ ದ್ವಿತೀಯಾರ್ಧದಲ್ಲಿ ಕೋಚ್ ಇವನನ್ನು ಇಳಿಸಿದರು. ನಾಲ್ಕು ನಿಮಿಷ. ಮರುದಿನ ಬೆಳಿಗ್ಗೆ ನನ್ನ ಕಚೇರಿಗೆ ಬಂದು "ನಾಲ್ಕೇ ನಿಮಿಷ ಅಲ್ವಾ, ಲೆಕ್ಕಕ್ಕೆ ಬರುತ್ತಾ?" ಅಂತ ಕೇಳಿದ. ನನಗೆ ಉತ್ತರ ಗೊತ್ತಿತ್ತು. ಆದರೂ ನಿಯಮದ ಪುಸ್ತಕ ತೆಗೆದು ಸುಮ್ನೆ ಪುಟ ತಿರುವಿದೆ, ಮುಖ ನೋಡಿ ಹೇಳಲಾಗಲಿಲ್ಲ. ಮುಂದಿನ ವಾರ ಗಾಯಗೊಂಡವನು ವಾಪಸ್ ಬಂದ, ಇವನು ಮತ್ತೆ ಬೆಂಚಿಗೆ. ಆಟವೂ ಸಿಗಲಿಲ್ಲ, ವರ್ಷವೂ ಉಳಿಯಲಿಲ್ಲ. ಏಪ್ರಿಲ್‌ನಲ್ಲಿ ಮತ್ತೆ ಟ್ರಾನ್ಸ್‌ಫರ್ ಪೋರ್ಟಲ್‌ಗೆ, ಅಂದರೆ ಕಾಲೇಜು ಬದಲಿಸಲು ಬಯಸುವ ಆಟಗಾರರ ಪಟ್ಟಿಗೆ, ಹೆಸರು ಹಾಕಿದ.

ಹಾಗಾಗಿ ಕೋಚ್ ಹತ್ತಿರ ಕೇಳಬೇಕಾದ ಪ್ರಶ್ನೆ ಇದು: "ಜನವರಿಯಲ್ಲಿ ಆ ಇಬ್ಬರಿಗೂ ಏಟಾದರೆ ಏನು ಮಾಡುತ್ತೀರಿ?" ಒಳ್ಳೆಯ ಕೋಚ್ ಆಗಿದ್ದರೆ ಅವರ ಬಳಿ ಉತ್ತರ ಸಿದ್ಧ ಇರುತ್ತದೆ. "ಸ್ಕಾಲರ್‌ಶಿಪ್ ಇಲ್ಲದ ಹುಡುಗನನ್ನು ಆಡಿಸುತ್ತೇನೆ, ನಿನ್ನನ್ನು ಮುಟ್ಟುವುದಿಲ್ಲ" ಅನ್ನಬಹುದು. "ನಿನ್ನನ್ನು ಕೇಳದೆ ಇಳಿಸುವುದಿಲ್ಲ" ಅಂದರೂ ಸಾಕು. "ಆಗ ನೋಡೋಣ" ಅಂದರೆ ಮಾತ್ರ ಒಪ್ಪಬೇಡಿ. ನವೆಂಬರ್‌ನ ಮೊದಲ ಪಂದ್ಯದಿಂದಲೇ ಸಿಕ್ಕಷ್ಟು ನಿಮಿಷ ಆಡಲಿ.

ಸಿಕ್ಕಷ್ಟು ಅಂದರೆ ಎಷ್ಟು? ಒಂದು ಪಂದ್ಯ 40 ನಿಮಿಷ, ಅಂಕಣದಲ್ಲಿ ಐದು ಜನ. ಒಟ್ಟು ಹಂಚಲು ಇರುವುದು 200 ನಿಮಿಷ. ಇಬ್ಬರು ಗಾರ್ಡ್‌ಗಳ ಜಾಗಕ್ಕೆ 80. ಸೀನಿಯರ್‌ಗಳು ತಲಾ 32 ನಿಮಿಷ ಆಡಿದರೆ ಉಳಿಯುವುದು 16. ಅದಕ್ಕೂ ಇನ್ನೊಬ್ಬ ಪಾಲುದಾರ ಇದ್ದೇ ಇರುತ್ತಾನೆ. ಏಳೆಂಟು ನಿಮಿಷಕ್ಕಾಗಿ ಒಂದು ಸೀಸನ್ ಕೊಡುವುದು ನನಗೆ ದುಬಾರಿ ಅನಿಸುತ್ತದೆ. ಹದಿನೈದು ಸಿಗುತ್ತದೆ ಅಂತಾದರೆ ಆಡಬೇಕು, ಅದರಲ್ಲಿ ಎರಡನೇ ಮಾತಿಲ್ಲ. ಸೆಪ್ಟೆಂಬರ್‌ನಲ್ಲಿ ಇದು ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ, ಕೋಚ್ ಆ ಮಾತು ಕೊಟ್ಟಿದ್ದರೆ, ಮೊದಲ ನಾಲ್ಕೈದು ಪಂದ್ಯ ಹೊರಗೇ ಇರಲಿ. ಕೂತವನು ನಾಳೆ ಆಡಬಹುದು, ಆಡಿದವನು ಕೂರಲು ಆಗುವುದಿಲ್ಲ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಯಾರಿಗೆ ಎಷ್ಟು ನಿಮಿಷ ಅಂತ ಕಣ್ಣಿಗೆ ಕಾಣುತ್ತದೆ. ಕ್ರಿಸ್‌ಮಸ್ ಆದ ಮೇಲೆ ಈ ಚರ್ಚೆ ಮತ್ತೆ ತೆಗೆಯಬಾರದು, ಎರಡೂ ಕಡೆಯವರು.

ಮಗನಿಗೆ ಬೇಜಾರು ಯಾಕೆ ಅಂತ ಅರ್ಥವಾಗುತ್ತದೆ. 2021ರ ಏಪ್ರಿಲ್‌ವರೆಗೆ ಬ್ಯಾಸ್ಕೆಟ್‌ಬಾಲ್‌ನಲ್ಲಿ ಕಾಲೇಜು ಬದಲಿಸಿದವರು ಸಾಮಾನ್ಯವಾಗಿ ಒಂದು ವರ್ಷ ಕೂರಲೇಬೇಕಿತ್ತು. ಎಲ್ಲರೂ ಕೂರುತ್ತಿದ್ದರು, ಯಾರಿಗೂ ಅವಮಾನ ಅನಿಸುತ್ತಿರಲಿಲ್ಲ. 2024ರಿಂದ ಓದು ಸರಿ ಇದ್ದರೆ ಎಷ್ಟು ಸಲ ಬದಲಿಸಿದರೂ ಕೂಡಲೇ ಆಡಬಹುದು. ಹಾಗಾಗಿ ಈಗ ಕೂತವನನ್ನು ನೋಡಿ 'ಇವನು ಸಾಲದು' ಅಂದುಕೊಳ್ಳುತ್ತಾರೆ. ಆದರೆ ಆ ಹಳೆಯ ನಿಯಮದಲ್ಲಿ ಕೂತು ಎದ್ದವರನ್ನು ನೋಡಿ. 2021ರಲ್ಲಿ ಗೊನ್ಝಾಗ ವಿಶ್ವವಿದ್ಯಾಲಯವನ್ನು 86-70ರಿಂದ ಸೋಲಿಸಿ ಕಾಲೇಜು ಚಾಂಪಿಯನ್ ಆದ ಬೇಲರ್ ವಿಶ್ವವಿದ್ಯಾಲಯದ ತಂಡದಲ್ಲಿ ಡೇವಿಯನ್ ಮಿಚೆಲ್, ಮೇಸಿಯೋ ಟೀಗ್, ಆಡಮ್ ಫ್ಲ್ಯಾಗ್ಲರ್ ಮೂವರೂ ಬೇರೆ ಕಾಲೇಜಿನಿಂದ ಬಂದು ಒಂದು ವರ್ಷ ಕೂತವರೇ. ಬ್ರ್ಯಾಂಡನ್ ಕ್ಲಾರ್ಕ್ ಸ್ಯಾನ್ ಹೋಸೆ ಸ್ಟೇಟ್‌ನಿಂದ ಗೊನ್ಝಾಗಕ್ಕೆ ಬಂದು 2017-18 ಪೂರ್ತಿ ಕೂತು ಶಾಟ್ ತಿದ್ದಿಕೊಂಡ. ಮುಂದಿನ ವರ್ಷ ಆಡಿ, ವೃತ್ತಿಪರ ಲೀಗ್ ಎನ್‌ಬಿಎ ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವ 2019ರ ಡ್ರಾಫ್ಟ್‌ನಲ್ಲಿ 21ನೆಯವನಾಗಿ ಆಯ್ಕೆಯಾದ.

ನಿಮ್ಮ ಮಗನಿಗೆ ಸರಿಯಾಗಿ ಹೊಂದುವ ಕತೆ ಮಾತ್ರ ಟ್ರಾನ್ಸ್‌ಫರ್ ಆದವನದ್ದಲ್ಲ. ಗೊನ್ಝಾಗದ್ದೇ ಕೆಲ್ಲಿ ಒಲಿನಿಕ್, ಕೆನಡಾದ ಹುಡುಗ. ಎರಡು ವರ್ಷ ಆಡಿದ ಮೇಲೆ, ಯಾವ ನಿಯಮದ ಬಲವಂತವೂ ಇಲ್ಲದೆ, 2011-12ರಲ್ಲಿ ಕೂತ. ಎತ್ತರದ ಆಟಗಾರರು ಮುಂದೆ ಸಾಲಾಗಿ ನಿಂತಿದ್ದರು. ಕೂರುವ ಮೊದಲು ಪಂದ್ಯಕ್ಕೆ ಸರಾಸರಿ ಆರು ಅಂಕವೂ ಇರಲಿಲ್ಲ, ಎದ್ದು ಬಂದ ವರ್ಷ ಅದು 17.8. ಆ ಸೀಸನ್ನಿನಲ್ಲಿ ಗೊನ್ಝಾಗ ಮೊದಲ ಬಾರಿಗೆ ದೇಶದ ನಂಬರ್ ಒನ್ ತಂಡವಾಯಿತು. ಅವನು 2013ರ ಡ್ರಾಫ್ಟ್‌ನಲ್ಲಿ 13ನೆಯವನಾಗಿ ಹೋದ. ತಮಾಷೆ ಅಂದರೆ, ಕೂತು ಉಳಿಸಿದ ಆ ಕೊನೇ ವರ್ಷವನ್ನು ಅವನು ಬಳಸಲೇ ಇಲ್ಲ.

ಹಾಗಂತ ಎಲ್ಲರೂ ಒಲಿನಿಕ್ ಆಗುವುದಿಲ್ಲ. ಈಗ ಪೋರ್ಟಲ್ ಇದೆ. ಸೀನಿಯರ್‌ಗಳು ಹೋದ ಕೂಡಲೇ ಜಾಗ ನಿಮ್ಮ ಮಗನಿಗೇ ಅಂತ ನಂಬಬೇಡಿ. ಏಪ್ರಿಲ್‌ನಲ್ಲಿ ಕೋಚ್ ಇನ್ನೊಬ್ಬ ಪಾಯಿಂಟ್ ಗಾರ್ಡ್‌ನನ್ನು ತಂದರೆ ಯಾರೂ ತಡೆಯುವುದಿಲ್ಲ. ಆದರೆ ಆ ಬಾಗಿಲು ನಿಮ್ಮ ಮಗನಿಗೂ ತೆರೆದಿರುತ್ತದೆ. ಎರಡು ಸೀಸನ್ ಕೈಯಲ್ಲಿರುವ ಗಾರ್ಡ್‌ನನ್ನು ಬೇರೆ ಕೋಚ್‌ಗಳು ನೋಡುವ ರೀತಿಯೇ ಬೇರೆ.

ಗಾಯದ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಆ ಹೆಚ್ಚುವರಿ ವರ್ಷ ಕೊಡೆ ಇದ್ದ ಹಾಗೆ. ಸೀಸನ್ನಿನ ಮೊದಲರ್ಧದಲ್ಲಿ, ಪಂದ್ಯಗಳಲ್ಲಿ ಶೇ. 30ಕ್ಕಿಂತ ಹೆಚ್ಚು ಆಡುವ ಮೊದಲೇ ದೊಡ್ಡ ಏಟು ಬಿದ್ದು ಆ ವರ್ಷ ಮುಗಿದರೆ, ಸೀಸನ್ ವಾಪಸ್ ಕೇಳಬಹುದು. ಆದರೆ ಅದನ್ನು ಆಡಲು ಐದು ವರ್ಷದಲ್ಲಿ ಜಾಗ ಇರಬೇಕು. ಈಗಲೇ ಕೂತರೆ ಮುಂದೆ ಮೊಣಕಾಲು ಹೋದಾಗ ಆ ಜಾಗ ಇರುವುದಿಲ್ಲ. ಆರನೇ ವರ್ಷ ಸಿಗುವುದು ಕಷ್ಟ, ಇಷ್ಟಪಟ್ಟು ಕೂತ ವರ್ಷ ಅದಕ್ಕೆ ನೆಪವಾಗುವುದಿಲ್ಲ. ಹಳೆಯ ಗಾಯ ಇರುವ ಹುಡುಗನಾದರೆ ನಾನು ಕೂರಿಸಲು ಹಿಂದೆಮುಂದೆ ನೋಡುತ್ತೇನೆ.

ಇನ್ನು ನನ್ನ ಸ್ವಂತ ಇಲಾಖೆ, ಓದು. ಮೂರನೇ ವರ್ಷ ಶುರುವಾಗುವ ಹೊತ್ತಿಗೆ ಡಿಗ್ರಿಯ ಶೇ. 40 ಮುಗಿದಿರಬೇಕು, ನಾಲ್ಕಕ್ಕೆ 60, ಐದಕ್ಕೆ 80. ಡಿಗ್ರಿಗೆ 120 ಕ್ರೆಡಿಟ್ ಅಂದರೆ 48, 72, 96. ಹಳೇ ಕಾಲೇಜಿನಲ್ಲಿ 60 ಕ್ರೆಡಿಟ್ ಮಾಡಿದ್ದಾನೆ ಅಂತ ನೀವು ಖುಷಿಯಲ್ಲಿರುತ್ತೀರಿ. ಹೊಸ ಕಾಲೇಜು ಅದರಲ್ಲಿ 15ನ್ನು ನಿಮ್ಮ ಡಿಗ್ರಿಗೆ ಸೇರಿಸುವುದಿಲ್ಲ ಅಂದರೆ ಕತೆ ಮುಗಿಯಿತು. 45ಕ್ಕೆ ಅವನು ಆಡುವ ಹಾಗೇ ಇಲ್ಲ! ಇಂಥ ಹುಡುಗರಿಗೆ ಪಂದ್ಯದ ಓಡಾಟದ ಒತ್ತಡ ಇಲ್ಲದ ಒಂದು ವರ್ಷ ದೇವರು ಕೊಟ್ಟ ಹಾಗೆ. ಐದನೇ ವರ್ಷದಲ್ಲಿ ಮಾಸ್ಟರ್ಸ್ ಶುರು ಮಾಡಬಹುದು ಅನ್ನುವುದು ನಮ್ಮ ಕಡೆಯ ಅಪ್ಪಂದಿರಿಗೆ ಬೇಗ ಹಿಡಿಸುತ್ತದೆ. ಆ ವರ್ಷದ ಸ್ಕಾಲರ್‌ಶಿಪ್ ಬಗ್ಗೆ ಬರಹದಲ್ಲಿ ತಗೊಳ್ಳಿ.

ಐದು ವರ್ಷದಲ್ಲಿ ಐದೂ ಸೀಸನ್ ಆಡಲು ಬಿಡಬೇಕು ಅನ್ನುವ ಚರ್ಚೆ ಎನ್‌ಸಿಎಎಯಲ್ಲಿ 2025ರಲ್ಲೇ ಜೋರಾಗಿತ್ತು. ಆ ನಿಯಮ ನಿಮ್ಮ ಮಗನಿಗೆ ಅನ್ವಯಿಸಿದರೆ ಕೂರುವುದರಲ್ಲಿ ಅರ್ಥವೇ ಇಲ್ಲ. ಒಪ್ಪುವ ಮೊದಲು ಕಾಲೇಜಿನಲ್ಲಿ ಈ ನಿಯಮಗಳನ್ನು ನೋಡಿಕೊಳ್ಳುವ ಕಂಪ್ಲಯನ್ಸ್ ಆಫೀಸಿನಲ್ಲಿ ವಿಚಾರಿಸಲಿ.

ವಿಚಾರಿಸಲಿ ಅಂದೆ, ವಿಚಾರಿಸಿ ಅನ್ನಲಿಲ್ಲ. ಆ ಜನವರಿ ಪ್ರಶ್ನೆಯನ್ನೂ ಮಗನೇ ಕೇಳಬೇಕು. ಅಪ್ಪ ಫೋನ್ ಮಾಡಿದ ಹುಡುಗನ ಬಗ್ಗೆ ಕೋಚ್‌ಗಳು ತಮ್ಮತಮ್ಮಲ್ಲಿ ಏನು ಮಾತಾಡಿಕೊಳ್ಳುತ್ತಾರೆ ಅಂತ ನಾನು ಕೇಳಿಸಿಕೊಂಡಿದ್ದೇನೆ. ಕ್ರೆಡಿಟ್ ಪಟ್ಟಿಯೂ ಅವನ ಕೈಯಿಂದಲೇ ಬರಬೇಕು. ಮಗನ ಒಪ್ಪಿಗೆ ಇಲ್ಲದೆ ಅಲ್ಲಿ ಸಾಮಾನ್ಯವಾಗಿ ಅಪ್ಪನಿಗೂ ಅಂಕಪಟ್ಟಿ ತೋರಿಸುವುದಿಲ್ಲ, ಫೀಸು ಕಟ್ಟಿದ್ದು ನೀವೇ ಆಗಿದ್ದರೂ.