ವಾಚುಗಳ ಮ್ಯೂಸಿಯಂ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನನ್ನ ಹತ್ತಿರ ನೂರಕ್ಕೂ ಹೆಚ್ಚು ಹಳೇ ಕೈಗಡಿಯಾರಗಳಿವೆ. ಚಿಕ್ಕದೊಂದು ಮ್ಯೂಸಿಯಂ ಮಾಡುವ ಆಸೆ. ಎಲ್ಲವನ್ನೂ ಪಾಲಿಶ್ ಮಾಡಿಸಿ, ಓಡುವ ಹಾಗೆ ಮಾಡಿ ಇಡಬೇಕಾ? ದುಬಾರಿ ವಾಚು ಒಂದೂ ಇಲ್ಲ. ಜನ ನೋಡಲು ಬರುತ್ತಾರಾ?

ಉತ್ತರ: ಪಾಲಿಶ್ ಮಾತ್ರ ಬೇಡ. ಮೂವತ್ತು ವರ್ಷ ವಾಚು ರಿಪೇರಿ ಮಾಡಿದವನಾಗಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಕೆಲಸ ಕಲಿಯುವ ದಿನಗಳಲ್ಲಿ ಒಬ್ಬರ ವಾಚನ್ನು ಫಳಫಳ ಹೊಳೆಯುವ ಹಾಗೆ ಉಜ್ಜಿ ಕೊಟ್ಟಿದ್ದೆ. ಅವರು ತಿರುಗಿಸಿ ತಿರುಗಿಸಿ ನೋಡಿ, ‘ಇಲ್ಲಿ ಅಪ್ಪನ ಹೆಸರಿನ ಮೊದಲಕ್ಷರ ಇತ್ತಲ್ಲ’ ಅಂದರು. ಮೊದಲೇ ಸವೆದಿದ್ದ ಆ ಅಕ್ಷರ ನನ್ನ ಕೈಯಲ್ಲೇ ಅಳಿಸಿಹೋಗಿತ್ತು. ಅವರ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಹಳೇ ವಾಚಿನ (ಕತ್ತಲಲ್ಲಿ ಹೊಳೆಯುವ ಅಂಕಿಗಳಿದ್ದವನ್ನು ಬಿಟ್ಟು, ಕಾರಣ ಕೊನೆಯಲ್ಲಿ ಹೇಳುತ್ತೇನೆ) ಹಿಂದಿನ ಮುಚ್ಚಳ ಬಿಚ್ಚಿಸಿ, ಅದರ ಒಳಭಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಸೂಜಿಮೊನೆಯಲ್ಲಿ ಗೀಚಿದ ಅಕ್ಷರ, ಅಂಕಿ ಕಾಣಬಹುದು. ರಿಪೇರಿ ಮಾಡಿದವರು ತಮ್ಮ ಗುರುತು, ತಾರೀಕು ಬರೆದಿಡುತ್ತಿದ್ದ ರೀತಿ ಅದು. ಒಂದೇ ಮುಚ್ಚಳದಲ್ಲಿ ನಾಲ್ವರ ಕೈಬರಹ ನೋಡಿದ್ದೇನೆ. ಬೆಲ್ಟಿನಲ್ಲೂ ಅಷ್ಟೇ. ಒಂದು ತೂತು ಹಿಗ್ಗಿ ಉದ್ದವಾಗಿರುತ್ತದೆ, ಪಕ್ಕದಲ್ಲೇ ಸಣ್ಣ ಕೈಗಾಗಿ ಕೊರೆದ ಹೊಸ ತೂತು. ಇವನ್ನೇ ಜನರಿಗೆ ತೋರಿಸಿ.

ದುಬಾರಿ ವಾಚು ನೋಡಬೇಕಾದವರಿಗೆ ಜಿನೀವಾದಲ್ಲಿ ಪಾಟೆಕ್ ಫಿಲಿಪ್ ಮ್ಯೂಸಿಯಂ ಇದೆ. ನೀವು ಕೈಗೆ ಕಟ್ಟಿಕೊಳ್ಳುವ ಅಭ್ಯಾಸದ ಕಥೆ ಹೇಳಿ. ಮೊದಲು ಅದು ಹೆಂಗಸರ ಒಡವೆ. ಇಟಲಿಯ ನೇಪಲ್ಸ್‌ನ ರಾಣಿ 1810ರಲ್ಲಿ ಪ್ಯಾರಿಸ್ಸಿನ ಗಡಿಯಾರ ತಯಾರಕ ಬ್ರೆಗೆಯವರಿಗೆ ಕೈಗಡಿಯಾರ ಮಾಡಿಕೊಡಲು ಹೇಳಿದ್ದರು. ಗಂಡಸರು ಜೇಬಿನ ಗಡಿಯಾರವನ್ನೇ ನೆಚ್ಚಿಕೊಂಡಿದ್ದರು. 1914ರಲ್ಲಿ ಮೊದಲ ಮಹಾಯುದ್ಧ ಬಂದಾಗ ಅದು ತಲೆಕೆಳಗಾಯಿತು. ಕಂದಕದಲ್ಲಿ ಬಂದೂಕು ಹಿಡಿದವನು ಜೇಬು ತಡಕುತ್ತಾ ಕೂರುವುದಕ್ಕೆ ಆಗುತ್ತದಾ? ಜೇಬಿನ ಗಡಿಯಾರಕ್ಕೇ ತಂತಿಯ ಕೊಂಡಿ ಬೆಸೆದು ಕೈಗೆ ಕಟ್ಟಿಕೊಂಡರು. ಅಂಥದ್ದೊಂದು ಸಿಕ್ಕರೆ ಬಾಗಿಲಲ್ಲೇ ಇಡಿ.

ನನ್ನನ್ನು ಕೇಳಿದರೆ ಒಂದು ಮೂಲೆ ಬರೀ ಕಿವಿಗೆ ಇರಬೇಕು. ಕೀ ಕೊಡುವ ಹಳೇ ವಾಚುಗಳಲ್ಲಿ ಜಾಸ್ತಿ ಪಾಲು ಸೆಕೆಂಡಿಗೆ ಐದು ಸಲ ಟಿಕ್ ಅನ್ನುತ್ತವೆ. 1960ರಲ್ಲಿ ಬಂದ ಬುಲೋವಾ ಕಂಪನಿಯ ಆಕ್ಯುಟ್ರಾನ್ ವಾಚು ಟಿಕ್ ಅನ್ನುವುದೇ ಇಲ್ಲ. ಒಳಗಿನ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಸೆಕೆಂಡಿಗೆ 360 ಸಲ ಕಂಪಿಸುವುದರಿಂದ ಜೇನಿನ ಹಾಗೆ ಗುಂಯ್‌ಗುಡುತ್ತದೆ. ಆಮೇಲೆ ಕ್ವಾರ್ಟ್ಜ್, ಅಂದರೆ ಸೆಲ್ಲಿನಿಂದ ಕಂಪಿಸುವ ಹರಳು ಸಮಯ ಹಿಡಿಯುವ ಕೈಗಡಿಯಾರ. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಅದನ್ನು ಮಾರುಕಟ್ಟೆಗೆ ತಂದಿತು. ಮುಳ್ಳಿರುವ ಸಾಮಾನ್ಯ ಕ್ವಾರ್ಟ್ಜ್ ವಾಚಿನದು ಸೆಕೆಂಡಿಗೆ ಒಂದೇ ಹೆಜ್ಜೆ. ಮೂರಕ್ಕೂ ಒಂದೊಂದು ಮೈಕು ಹಚ್ಚಿ, ಕಣ್ಣು ಮುಚ್ಚಿ ಕೇಳಲು ಹೇಳಿ. ಮಕ್ಕಳು ಅಲ್ಲಿಂದ ಏಳುವುದಿಲ್ಲ ನೋಡಿ.

ಓಡಿಸುವುದಕ್ಕೆ ಕೆಲವು ಸಾಕು. ಎಣ್ಣೆ ಒಣಗಿದ ಯಂತ್ರ ಸುಮ್ನೆ ಓಡುತ್ತಿದ್ದರೆ ಹಲ್ಲು, ಅಚ್ಚು ಸವೆಯುತ್ತವೆ. ಓಡಿಸದೆ ಇಡುವ, ಸೆಲ್ ಹಾಕುವ ವಾಚುಗಳಿಂದ ಸೆಲ್ ಇವತ್ತೇ ತೆಗೆಯಿರಿ. ಸೋರಿದರೆ ಒಳಗೆಲ್ಲಾ ತುಕ್ಕು.

ಇನ್ನೊಂದು ಮಾತು, ದಯವಿಟ್ಟು ಹಗುರವಾಗಿ ತಗೋಬೇಡಿ. ಕತ್ತಲಲ್ಲಿ ಹೊಳೆಯುವ ಅಂಕಿಗಳಿದ್ದ ತೀರಾ ಹಳೇ ಡಯಲ್‌ಗಳಲ್ಲಿ ರೇಡಿಯಂ ಎಂಬ, ಅಪಾಯಕಾರಿ ವಿಕಿರಣ ಸೂಸುವ ಲೋಹ ಇರಬಹುದು. ಹೊಳಪು ಸತ್ತಿದೆ ಅಂತ ಧೈರ್ಯ ಬೇಡ. ಸತ್ತಿರುವುದು ಬಣ್ಣದಲ್ಲಿ ಬೆಳಕು ಕೊಡುತ್ತಿದ್ದ ಸತುವಿನ ಸಲ್ಫೈಡ್. ರೇಡಿಯಂ ಅರ್ಧ ಆಗುವುದಕ್ಕೇ 1,600 ವರ್ಷ ಬೇಕು. ಆ ವಾಚುಗಳ ಮುಚ್ಚಳ ತೆರೆಯಬೇಡಿ, ಗೀಚಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಬೇರೆ ಡಬ್ಬಿಯಲ್ಲಿ ತೆಗೆದಿಡಿ. ವಿಕಿರಣ ಅಳೆಯುವ ಗೈಗರ್ ಕೌಂಟರ್ ಇರುವ ತಿಳಿದವರಿಂದ ಅಳೆಸಿ, ಅವರು ಹೇಳಿದ ಮೇಲೆಯೇ ಪ್ರದರ್ಶನದ ಮಾತು.